ಇಬ್ಬರದೂ ತಡ, ದಂಡ ಒಬ್ಬರಿಗೇ?

ಸರಕಾರಿ ಕಾಮಗಾರಿ ವಿಳಂಬದ ದಿನಗಳ ಲೆಕ್ಕ ಯಾರೂ ಇಡುತ್ತಿಲ್ಲ. ಪೆನ್ನು ಇದ್ದವನ ಮಾತೇ ಕೊನೆಗೆ ಉಳಿಯುತ್ತದೆ

ಸೋಲಾಪುರ: ಹಳ್ಳಿಯ ನೀರಿನ ಟಾಕಿ ಅರ್ಧಕ್ಕೇ ನಿಂತಿರುತ್ತದೆ. ಅಧಿಕಾರಿಗಳನ್ನು ಕೇಳಿದರೆ ಠೇಕೇದಾರ ಆಳು ಹಚ್ಚಿಲ್ಲ ಅನ್ನುತ್ತಾರೆ. ಠೇಕೇದಾರನನ್ನು ಕೇಳಿದರೆ ಜಾಗಾ ಕೊಟ್ಟಿದ್ದೇ ಎರಡು ತಿಂಗಳು ತಡ, ಬಿಲ್ಲಂತೂ ಬಂದೇ ಇಲ್ಲ ಅನ್ನುತ್ತಾನೆ. ಜತ್ತ, ಅಕ್ಕಲಕೋಟ, ದಕ್ಷಿಣ ಸೋಲಾಪುರ ತಾಲೂಕುಗಳ ಜನರಿಗೆ ಈ ಜಗ್ಗಾಟ ಹೊಸತಲ್ಲ. ವಿಚಿತ್ರವೆಂದರೆ, ಬಹಳ ಸಲ ಇಬ್ಬರು ಹೇಳುವುದೂ ಖರೇನೇ ಇರುತ್ತದೆ. ತಪ್ಪು ಎರಡೂ ಕಡೆ, ಅದೂ ಒಂದೇ ಹೊತ್ತಿನಲ್ಲಿ.

ಹೀಗೆ ಏಕಕಾಲಕ್ಕೆ ಎರಡೂ ಕಡೆಯಿಂದ ಆಗುವ ತಡಕ್ಕೆ ಇಂಜಿನಿಯರರು ‘ಕನ್‌ಕರಂಟ್ ಡಿಲೇ’ ಅನ್ನುತ್ತಾರೆ. ಸಮಕಾಲಿಕ ವಿಳಂಬ ಎನ್ನಬಹುದು. ಹೆಸರು ದೊಡ್ಡದು, ಪ್ರಶ್ನೆ ಸಣ್ಣದು: ಆ ದಿನಗಳ ಹೊರೆ ಯಾರ ತಲೆಯ ಮೇಲೆ? ಉತ್ತರದ ಮೇಲೆ ಗುತ್ತಿಗೆದಾರನ ದಂಡ, ತಡೆಹಿಡಿದ ಅನಾಮತ್ತು ಹಣ, ಖಾಲಿ ಕುಳಿತ ಆಳುಗಳ ಪಗಾರ ಎಲ್ಲವೂ ನಿಂತಿವೆ. ಪ್ರಕರಣ ಕೋರ್ಟಿಗೆ ಹೋದರೆ ಊರಿನವರಿಗೆ ನೀರು ಇನ್ನೂ ದೂರ.

ಯಾಕ ಈಗ ಈ ಮಾತು?

ಜಲಜೀವನ ಮಿಷನ್ 2019ರ ಆಗಸ್ಟ್ 15ರಂದು ಘೋಷಣೆಯಾಯಿತು. 2024ರೊಳಗೆ ಹಳ್ಳಿಯ ಪ್ರತಿ ಮನೆಗೆ ನಳದ ನೀರು ಎಂಬುದು ಗುರಿ. ಗುರಿ ಮುಟ್ಟಲಿಲ್ಲ. 2025ರ ಫೆಬ್ರವರಿಯ ಕೇಂದ್ರ ಬಜೆಟ್ಟಿನಲ್ಲಿ ಮುದ್ದತನ್ನು 2028ರವರೆಗೆ ವಿಸ್ತರಿಸಲಾಯಿತು. ಅದೇ ಬಜೆಟ್ಟಿನ ಕಾಗದಗಳಲ್ಲಿ ಇನ್ನೊಂದು ಅಂಕಿ ಇತ್ತು. 2024-25ಕ್ಕೆ ಮೊದಲು ತೆಗೆದಿಟ್ಟಿದ್ದು 70,163 ಕೋಟಿ ರೂ.; ಪರಿಷ್ಕೃತ ಅಂದಾಜಿನಲ್ಲಿ ಉಳಿದದ್ದು 22,694 ಕೋಟಿ ರೂ. ಮೇಲಿನಿಂದ ಹಣ ಮೂರನೇ ಒಂದು ಪಾಲಿಗೆ ಇಳಿದರೆ ಕೆಳಗೆ ಹಳ್ಳಿಯ ಬಿಲ್ಲು ನಿಲ್ಲುವುದು ಸಹಜ. ಎಲ್ಲ ಖಾತೆಗಳನ್ನೂ ಸೇರಿಸಿ ರಾಜ್ಯ ಸರಕಾರದಿಂದ ಸುಮಾರು 89 ಸಾವಿರ ಕೋಟಿ ರೂ. ಬಾಕಿ ಇದೆ ಎಂದು ಮಹಾರಾಷ್ಟ್ರದ ಗುತ್ತಿಗೆದಾರರ ಸಂಘಟನೆಗಳು 2025ರಲ್ಲಿ ಹೇಳಿಕೊಂಡಿದ್ದವು.

ಬಿಲ್ಲು ಬರದಿದ್ದರೆ ಗುತ್ತಿಗೆದಾರ ಆಳು ಕಡಿಮೆ ಮಾಡುತ್ತಾನೆ. ಆಳು ಕಡಿಮೆಯಾದರೆ ಕೆಲಸ ನಿಧಾನ. ಕೆಲಸ ನಿಧಾನವಾದರೆ ಇಲಾಖೆ ನೋಟೀಸು ಕೊಡುತ್ತದೆ. ಮುದ್ದತು ಮುಗಿದ ಮೇಲೆ ಯಾವ ತಡದಿಂದ ಯಾವ ತಡ ಹುಟ್ಟಿತು ಎಂದು ಹುಡುಕುವುದು ಹಗ್ಗದ ಗಂಟು ಬಿಚ್ಚಿದಂಗ. ಅದಕ್ಕೇ ಗಂಟು ಬೀಳುವಾಗಲೇ ಬರೆದಿಡಬೇಕು. ಗಡಿಭಾಗದಲ್ಲಿ ಆಗದೆ ಇರುವುದು ಇದೊಂದೇ.

ಮೂರು ಬಗೆಯ ತಡ

ವಿಳಂಬದ ಕಾರಣಗಳನ್ನು ಮೊದಲು ಮೂರು ಗುಂಪು ಮಾಡಬೇಕು. ಒಂದು, ಕೆಲಸ ಕೊಟ್ಟವರ ಕಡೆಯದು: ಜಾಗಾ ತಡವಾಗಿ ಕೊಡುವುದು, ನಕಾಶೆ ಮಂಜೂರಿ ಮಾಡದಿರುವುದು, ನಡುವೆ ಕೆಲಸ ಬದಲಿಸುವುದು, ವಿದ್ಯುತ್ ಕಂಬ ಸ್ಥಳಾಂತರ ಮಾಡಿಸದಿರುವುದು. ಎರಡು, ಗುತ್ತಿಗೆದಾರನ ಕಡೆಯದು: ಆಳು, ಸಾಮಾನು, ಯಂತ್ರ ಹೊಂದಿಸದಿರುವುದು, ಕೆಟ್ಟ ಕೆಲಸ ಮಾಡಿ ಒಡೆದು ಮತ್ತೆ ಕಟ್ಟುವುದು. ಮೂರು, ಇಬ್ಬರದೂ ತಪ್ಪಿಲ್ಲದ್ದು: ಅತಿವೃಷ್ಟಿ, ಮಹಾಮಾರಿ ಇತ್ಯಾದಿ.

ಮೊದಲನೆಯದಕ್ಕೆ ಸಾಮಾನ್ಯವಾಗಿ ಹೆಚ್ಚಿನ ಮುದ್ದತೂ ಸಿಗಬೇಕು, ಆದ ನಷ್ಟವೂ ಸಿಗಬೇಕು. ಎರಡನೆಯದಕ್ಕೆ ಎರಡೂ ಇಲ್ಲ, ಮೇಲೆ ದಂಡ. ಮೂರನೆಯದಕ್ಕೆ ಮುದ್ದತು ಸಿಗುತ್ತದೆ, ಹಣ ಸಿಗುವುದಿಲ್ಲ. ಇಷ್ಟರವರೆಗೆ ತಕರಾರಿಲ್ಲ. ಒಂದನೆಯದು ಮತ್ತು ಎರಡನೆಯದು ಒಂದರ ಮೇಲೊಂದು ಬಿದ್ದ ದಿನಗಳೇ ಜಗಳದ ಮೂಲ.

ಇನ್ನೊಂದು ಮಾತು. ಎಲ್ಲ ತಡವೂ ತಡವಲ್ಲ. ಟಾಕಿಯ ಕೆಲಸವೆಂದರೆ ಒಂದು ಸರಪಳಿ: ಪಾಯಾ, ಕಾಲಂ, ಮೇಲಿನ ಟಾಕಿ, ಸೋರಿಕೆ ಪರೀಕ್ಷೆ, ನಳಕ್ಕೆ ಜೋಡಣೆ. ಈ ಸರಪಳಿಯ ಕೊಂಡಿ ಒಂದು ದಿನ ಜಾರಿದರೆ ಇಡೀ ಕೆಲಸ ಒಂದು ದಿನ ಜಾರುತ್ತದೆ. ಆದರೆ ಓಣಿಯಲ್ಲಿ ಪೈಪು ಹೂಳುವ ಕೆಲಸ ಬೇರೆ ಸಾಲಿನದು. ಟಾಕಿಯೇ ಆರು ತಿಂಗಳಿಗೆ ಮುಗಿಯುವುದಿದ್ದರೆ ಓಣಿಯ ಪೈಪು ಒಂದು ತಿಂಗಳು ತಡವಾದರೂ ಯಾರಿಗೂ ನಷ್ಟವಿಲ್ಲ. ಪೈಪಿನ ತಡ ತೋರಿಸಿ ದಂಡ ಹಾಕುವುದೂ ತಪ್ಪು, ಪೈಪಿನ ತಡ ತೋರಿಸಿ ಮುದ್ದತು ಕೇಳುವುದೂ ತಪ್ಪು. ಸರಪಳಿಯ ಮೇಲಿನ ತಡಕ್ಕೆ ಮಾತ್ರ ಬೆಲೆ.

ಒಂದು ಟಾಕಿಯ ಲೆಕ್ಕ

ತಿಳಿಯಲು ಅನುಕೂಲವಾಗಲೆಂದು ಒಂದು ಕಲ್ಪಿತ ಉದಾಹರಣೆ ನೋಡಬಹುದು. ಒಂದು ಕೋಟಿ ರೂ. ಅಂದಾಜಿನ ಟಾಕಿ. ಅಕ್ಟೋಬರ 1ರಂದು ವರ್ಕ್ ಆರ್ಡರ್, ಹನ್ನೆರಡು ತಿಂಗಳ ಮುದ್ದತು, ಅಂದರೆ ಮುಂದಿನ ಸೆಪ್ಟೆಂಬರ 30ಕ್ಕೆ ಮುಗಿಯಬೇಕು. ಮುಗಿದದ್ದು ಡಿಸೆಂಬರ 31ಕ್ಕೆ. ತಡ 92 ದಿನ.

ಕಾರಣ ಬಿಡಿಸಿದರೆ ಹೀಗಿದೆ. ನವೆಂಬರ 1ಕ್ಕೆ ಕೊಡಬೇಕಾದ ಜಾಗಾ ಡಿಸೆಂಬರ 31ಕ್ಕೆ ಕೊಟ್ಟರು; 60 ದಿನ ಹೋದವು. ಗುತ್ತಿಗೆದಾರನ ಆಳುಗಳು ಡಿಸೆಂಬರ 1ರಿಂದ ಜನವರಿ 20ರವರೆಗೆ ಇರಲಿಲ್ಲ. ಕಬ್ಬು ಕಡಿಯಲಿಕ್ಕೆ ಹೋಗಿದ್ದರು. 51 ದಿನ ಹೋದವು. ಮುಂದೆ ಅತಿವೃಷ್ಟಿಯಿಂದ 11 ದಿನ ಹೋದವು. ಕೂಡಿಸಿದರೆ 122. ಆದರೆ ಖರೇ ತಡ 92 ಮಾತ್ರ. ಹೆಚ್ಚಾದ 30 ಎಲ್ಲಿಂದ ಬಂತು? ಡಿಸೆಂಬರ 1ರಿಂದ 30ರವರೆಗೆ ಜಾಗಾನೂ ಇರಲಿಲ್ಲ, ಆಳೂ ಇರಲಿಲ್ಲ. ಆ 30 ದಿನ ಎರಡೂ ಕಡೆ ಎಣಿಕೆಯಾಗಿವೆ. ಸಮಕಾಲಿಕ ವಿಳಂಬ ಅಂದರೆ ಇದೇ.

ಸರಿಯಾದ ಪಾಲು ಹೀಗಾಗುತ್ತದೆ: ನವೆಂಬರದ 30 ದಿನ ಇಲಾಖೆಯದು. ಡಿಸೆಂಬರದ 30 ದಿನ ಇಬ್ಬರದು. ಡಿಸೆಂಬರ 31ರಿಂದ ಜನವರಿ 20ರವರೆಗಿನ 21 ದಿನ ಗುತ್ತಿಗೆದಾರನದು. ಮಳೆಯ 11 ದಿನ ಯಾರದೂ ಅಲ್ಲ. ಒಟ್ಟು 92.

ಬಹುಮಾನ್ಯವಾದ ರೀತಿಯಲ್ಲಿ ನೋಡಿದರೆ ಇಬ್ಬರದೂ ಆದ 30 ದಿನಕ್ಕೆ ಗುತ್ತಿಗೆದಾರನಿಗೆ ಮುದ್ದತು ಸಿಗಬೇಕು, ಹಣ ಸಿಗಬಾರದು. ಮುದ್ದತು ಯಾಕೆಂದರೆ ಆಳು ಇದ್ದರೂ ಜಾಗಾ ಇಲ್ಲದೆ ಕೆಲಸ ಆಗುತ್ತಿರಲಿಲ್ಲ. ತಾನೇ ಬಾಗಿಲು ಹಾಕಿಕೊಂಡವನು ಒಳಗೆ ಯಾಕ ಬರಲಿಲ್ಲ ಎಂದು ದಂಡ ಹಾಕುವ ಹಂಗಿಲ್ಲ. ಹಣ ಯಾಕಿಲ್ಲವೆಂದರೆ ಜಾಗಾ ಇದ್ದರೂ ಆಳಿಲ್ಲದೆ ಆ ತಿಂಗಳ ನಷ್ಟ ಅವನಿಗೆ ಆಗಿಯೇ ಆಗುತ್ತಿತ್ತು. ಈ ಲೆಕ್ಕದಲ್ಲಿ 30, 30 ಮತ್ತು 11 ಸೇರಿ 71 ದಿನದ ಮುದ್ದತು ಸಿಗುತ್ತದೆ. ನಷ್ಟದ ಕ್ಲೇಮು ನವೆಂಬರದ 30 ದಿನಕ್ಕೆ ಮಾತ್ರ. ದಂಡ 21 ದಿನಕ್ಕೆ ಮಾತ್ರ.

ಆದರೆ ಇಲ್ಲೇ ಒಂದು ತಿರುವು ಇದೆ. ಆಳುಗಳು ಕಬ್ಬಿಗೆ ಹೋದದ್ದು ಯಾಕ? ನವೆಂಬರ ತಿಂಗಳೆಲ್ಲ ಜಾಗಾ ಇಲ್ಲದೆ ಖಾಲಿ ಕುಳಿತದ್ದಕ್ಕೇ ಮುಕಾದಮ ಟೋಳಿ ಕಟ್ಟಿಕೊಂಡು ಕಾರಖಾನೆಯ ಕಡೆ ಹೋದದ್ದಾದರೆ ಅದು ಗುತ್ತಿಗೆದಾರನ ಸ್ವತಂತ್ರ ತಪ್ಪಲ್ಲ, ಇಲಾಖೆಯ ತಡದ ಪರಿಣಾಮ. ಆಗ ಡಿಸೆಂಬರ ‘ಇಬ್ಬರದು’ ಆಗುವುದಿಲ್ಲ, ಪೂರಾ ಇಲಾಖೆಯದಾಗುತ್ತದೆ. ಜಾಗಾ ಸಿಕ್ಕ ಮೇಲೆ ಆಳು ಕೂಡಿಸಲು ಹಿಡಿದ 21 ದಿನದಲ್ಲೂ ಒಂದು ಪಾಲು ಕೇಳಬಹುದು. ಇದಕ್ಕೆ ಪುರಾವೆ ಬೇಕು. ‘ಆಳು ಖಾಲಿ ಕೂತಾರ, ಜಾಗಾ ಕೊಡದಿದ್ದರೆ ಹೋಗಿಬಿಡ್ತಾರ’ ಎಂದು ನವೆಂಬರದಲ್ಲೇ ಬರೆದ ಒಂದು ಪತ್ರ, ಅದಕ್ಕೆ ಕಚೇರಿಯ ಆವಕ ಶಿಕ್ಕಾ. ಅದಿಲ್ಲದಿದ್ದರೆ ಕಬ್ಬಿನ ಸೀಜನ್ನಿಗೆ ಆಳು ತಾವಾಗಿಯೇ ಓಡಿಹೋದರು ಎನ್ನುವ ಇಲಾಖೆಯ ಮಾತೇ ಗೆಲ್ಲುತ್ತದೆ. ಎರಡು ಲಕ್ಷದ ಹಕ್ಕು ಎರಡು ಸಾಲಿನ ಪತ್ರದ ಮೇಲೆ ನಿಲ್ಲುವುದು ಹೀಗೆ.

ಕಲಂ 2 ಮತ್ತು ಕಲಂ 6

ಮಹಾರಾಷ್ಟ್ರದ ಸಾರ್ವಜನಿಕ ಬಾಂಧಕಾಮ ಖಾತೆಯ ಬಿ-1, ಬಿ-2 ನಮೂನೆಯ ಕರಾರುಗಳು ಈ ಭಾಗದ ಗುತ್ತಿಗೆದಾರರಿಗೆ ಪರಿಚಿತ. ಸಹಿ ಎಲ್ಲರೂ ಮಾಡಿರುತ್ತಾರೆ, ಓದಿದವರು ಕಡಿಮೆ. ಅದರ 2ನೇ ಕಲಮಿನ ಪ್ರಕಾರ ತಡವಾದ ಪ್ರತಿ ದಿನಕ್ಕೆ ಅಂದಾಜು ವೆಚ್ಚದ ಶೇ 1ರಷ್ಟು, ಇಲ್ಲವೆ ಅಧೀಕ್ಷಕ ಅಭಿಯಂತರು ಗೊತ್ತುಮಾಡಿದ ಕಡಿಮೆ ಮೊತ್ತ, ದಂಡ ಹಾಕಬಹುದು. ಒಟ್ಟು ದಂಡ ಶೇ 10 ಮೀರಬಾರದು.

ಮೇಲಿನ ಒಂದು ಕೋಟಿಯ ಟಾಕಿಗೆ ಇದನ್ನು ಹಚ್ಚಿದರೆ ದಿನಕ್ಕೆ ಒಂದು ಲಕ್ಷ, ಹತ್ತೇ ದಿನದಲ್ಲಿ ಮಿತಿಯ ಹತ್ತು ಲಕ್ಷ. ಅಂದರೆ ಪೂರ್ತಿ ದರ ಹಚ್ಚಿದರೆ 92 ದಿನ ತಡವಾದವನಿಗೂ 21 ದಿನ ತಡವಾದವನಿಗೂ ದಂಡ ಒಂದೇ! ಹಿಂಗಿದ್ದ ಮೇಲೆ ದಿನ ಎಣಿಸುವುದರಿಂದ ಏನು ಲಾಭ ಎಂದು ಕೆಲವರು ಕೈಚೆಲ್ಲುತ್ತಾರೆ. ಖರೇ ನೋಡಿದರೆ ಅದಕ್ಕಾಗಿಯೇ ಎಣಿಸಬೇಕು. ‘ಕಡಿಮೆ ಮೊತ್ತ’ ಗೊತ್ತುಮಾಡುವ ಅಧಿಕಾರ ಅಧೀಕ್ಷಕ ಅಭಿಯಂತರಿಗೆ ಇದೆ. ಅವರ ಮುಂದೆ 92ರಲ್ಲಿ 21 ಮಾತ್ರ ನನ್ನದು ಎಂದು ತೋರಿಸುವ ಕಾಗದ ಇದ್ದರೆ ದಂಡ ಇಳಿಸಲು ಆಧಾರ ಸಿಗುತ್ತದೆ. ಕೇಂದ್ರದ ಸಿ.ಪಿ.ಡಬ್ಲ್ಯು.ಡಿ. ನಮೂನೆಯಂತೆ ತಿಂಗಳಿಗೆ ಶೇ 1ರ ದರವನ್ನು ದಿನದ ಲೆಕ್ಕದಲ್ಲಿ ಹಚ್ಚುವ ಕರಾರಾದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ: 92 ದಿನಕ್ಕೆ ಸುಮಾರು 3 ಲಕ್ಷ 7 ಸಾವಿರ, 21 ದಿನಕ್ಕೆ 70 ಸಾವಿರ.

6ನೇ ಕಲಂ ಮುದ್ದತು ವಾಢಿಯದು. ಅಡಚಣೆ ಬಂದ ದಿನದಿಂದ 30 ದಿನದೊಳಗೆ, ಇಲ್ಲವೆ ಮೂಲ ಮುದ್ದತು ಮುಗಿಯುವ ಮೊದಲು, ಯಾವುದು ಮೊದಲೋ ಅಷ್ಟರೊಳಗೆ ಕಾರ್ಯಕಾರಿ ಅಭಿಯಂತರಿಗೆ ಲಿಖಿತ ಅರ್ಜಿ ಕೊಡಬೇಕು. ರೂಢಿಯಲ್ಲಿ ಏನಾಗುತ್ತದೆ? ಕೆಲಸ ಮುಗಿದು ಕೊನೆಯ ಬಿಲ್ಲಿನ ಹೊತ್ತಿಗೆ ಎಲ್ಲ ಅಡಚಣೆಗಳನ್ನೂ ಒಟ್ಟುಗೂಡಿಸಿ ಒಂದೇ ಅರ್ಜಿ ಬರೆಯುತ್ತಾರೆ. ಅದರಲ್ಲಿ ತಾರೀಖು ಅಂದಾಜಿನದು, ಕಾರಣ ಮೊಘಮ್. ಮೊದಲೇ ಬಿರುಸಾಗಿ ಬರೆದರೆ ಸಾಹೇಬರಿಗೆ ಸಿಟ್ಟು ಬಂದೀತು, ಮುಂದಿನ ಕೆಲಸ ಸಿಗಲಿಕ್ಕಿಲ್ಲ ಎಂಬ ಅಂಜಿಕೆ ಇದರ ಹಿಂದಿದೆ. ಅಂಜಿಕೆ ಸುಳ್ಳಲ್ಲ. ಆದರೆ ಅದರ ಬೆಲೆ ಕೊನೆಯ ಬಿಲ್ಲಿನಲ್ಲಿ ಕಟ್ಟಬೇಕಾಗುತ್ತದೆ.

ಕಾಯ್ದೆ ಏನನ್ನುತ್ತದೆ?

1872ರ ಭಾರತೀಯ ಕರಾರು ಕಾಯ್ದೆಯಲ್ಲಿ ಸಮಕಾಲಿಕ ವಿಳಂಬ ಎಂಬ ಶಬ್ದವೇ ಇಲ್ಲ. ಆದರೆ ಅದಕ್ಕೆ ಬೇಕಾದ ಸಾಮಾನು ಎಲ್ಲ ಇದೆ. ಒಬ್ಬರು ಇನ್ನೊಬ್ಬರಿಗೆ ಕೆಲಸ ಮಾಡಗೊಡದಿದ್ದರೆ ತಡೆಯಲ್ಪಟ್ಟವನಿಗೆ ನಷ್ಟ ಪರಿಹಾರ ಕೇಳುವ ಹಕ್ಕು ಕಲಂ 53ರಲ್ಲಿ ಇದೆ. ಮುದ್ದತಿನ ಮಾತು ಕಲಂ 55ರಲ್ಲಿ. ಕರಾರು ಮುರಿದರೆ ಸಹಜವಾಗಿ ಆಗುವ ನಷ್ಟಕ್ಕೆ ಪರಿಹಾರ ಕಲಂ 73ರಲ್ಲಿ. ಮೊದಲೇ ಬರೆದ ದಂಡ ಎಷ್ಟಿದ್ದರೂ ಅದು ಗರಿಷ್ಠ ಮಿತಿ ಮಾತ್ರ, ಅದರೊಳಗೆ ನ್ಯಾಯವಾದಷ್ಟೇ ಸಿಗಬೇಕು ಎಂಬುದು ಕಲಂ 74ರಲ್ಲಿ.

ಕಲಂ 73ರ ಜೊತೆ ಒಂದು ವಿವರಣೆಯೂ ಇದೆ, ಅದನ್ನು ಗುತ್ತಿಗೆದಾರರು ಮರೆಯುತ್ತಾರೆ: ನಷ್ಟ ಕಡಿಮೆ ಮಾಡಿಕೊಳ್ಳಲು ಇದ್ದ ದಾರಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಜಾಗಾ ಸಿಗುವುದಿಲ್ಲ ಎಂದು ಗೊತ್ತಿದ್ದೂ ಹನ್ನೆರಡು ಆಳು, ದಿನಕ್ಕೆ 600 ರೂ.ಯಂತೆ ತಿಂಗಳಿಡೀ ಕೂಡಿಸಿ 2,16,000 ರೂ. ಕೇಳಿದರೆ ‘ಬೇರೆ ಕೆಲಸಕ್ಕೆ ಯಾಕ ಕಳಿಸಲಿಲ್ಲ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಮಸ್ಟರ್ ರೋಲ್, ಪಗಾರ ಕೊಟ್ಟ ಬ್ಯಾಂಕ್ ನೋಂದು, ಸೆಂಟ್ರಿಂಗ್ ಬಾಡಿಗೆಯ ಪಾವತಿ ಇಲ್ಲದೆ ಬರೇ ಬಾಯಿ ಲೆಕ್ಕಕ್ಕೆ ಯಾರೂ ಕಿವಿಗೊಡುವುದಿಲ್ಲ. ಕಚೇರಿ ಖರ್ಚು, ಲಾಭದ ನಷ್ಟ ಎಣಿಸಲು ಹಡ್ಸನ್, ಎಮ್ಡೆನ್, ಐಕ್ಲೀ ಎಂಬ ಸೂತ್ರಗಳಿವೆ. ಸುಪ್ರೀಂ ಕೋರ್ಟು 2006ರ ಮೆಕ್‌ಡರ್ಮಟ್ ಪ್ರಕರಣದಲ್ಲಿ ಅವುಗಳನ್ನು ಚರ್ಚಿಸಿದೆ. ಆದರೆ ಸೂತ್ರಕ್ಕಿಂತ ಮೊದಲು ದಿನಗಳು ಸಿದ್ಧವಾಗಬೇಕು.

ಕೋರ್ಟಿನ ತೀರ್ಪುಗಳು

ಬಿ ನಮೂನೆಯ ಕಲಂ 2 ಮತ್ತು 6ರ ಮಾತು ಸುಪ್ರೀಂ ಕೋರ್ಟಿಗೆ ಹೋದ ಹಳೆಯ ಪ್ರಕರಣ ಮಹಾರಾಷ್ಟ್ರದ್ದೇ. ನಾಸಿಕದ ಎಡದಂಡೆ ಕಾಲುವೆಗೆ ಆಳಂದಿ ನದಿಯ ಮೇಲೆ ಮೇಲ್ಗಾಲುವೆ ಕಟ್ಟುವ ಕೆಲಸ, ಹನ್ನೆರಡು ತಿಂಗಳ ಮುದ್ದತು. ಮುದ್ದತು ಮುಗಿಯುತ್ತಲೇ ಇಲಾಖೆ ಕರಾರು ರದ್ದು ಮಾಡಿತು. 1979ರ ಹಿಂದ್ ಕನ್‌ಸ್ಟ್ರಕ್ಷನ್ ತೀರ್ಪಿನಲ್ಲಿ ಕೋರ್ಟು ಹೇಳಿದ್ದಿಷ್ಟು: ತಡಕ್ಕೆ ದಂಡ, ಬೇಕಾದರೆ ಮುದ್ದತು ವಾಢಿ ಎಂದು ಕರಾರಿನಲ್ಲೇ ಬರೆದ ಮೇಲೆ ಆ ಕರಾರಿನಲ್ಲಿ ಕಾಲವೇ ಜೀವಾಳ ಎನ್ನಲಾಗದು. ರದ್ದು ಮಾಡುವುದಿದ್ದರೆ ಮೊದಲು ಹೊಸ ಮುದ್ದತು ಗೊತ್ತುಮಾಡಿ ನೋಟೀಸು ಕೊಡಬೇಕಿತ್ತು.

ಎರಡನೆಯ ಪ್ರಶ್ನೆ ಇನ್ನೂ ಮುಖ್ಯ: ತಪ್ಪು ಯಾರದೆಂದು ಹೇಳುವವರು ಯಾರು? 1987ರಲ್ಲಿ ಕರ್ನಾಟಕ ಸರಕಾರ ಮತ್ತು ತೀರ್ಥಹಳ್ಳಿಯ ಅಕ್ಕಿ ಗಿರಣಿಯೊಂದರ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಕರಾರಿನ ಒಂದು ಪಕ್ಷವೇ ಇನ್ನೊಂದು ಪಕ್ಷ ತಪ್ಪು ಮಾಡಿದೆ ಎಂದು ತೀರ್ಪು ಕೊಟ್ಟುಕೊಳ್ಳುವಂತಿಲ್ಲ ಎಂದಿತು. ಅದೇ ತತ್ವವನ್ನು 2011ರಲ್ಲಿ ಗುವಾಹಟಿ ವಿಮಾನ ನಿಲ್ದಾಣದ ಕಾಮಗಾರಿಯ ಜೆ.ಜಿ. ಇಂಜಿನಿಯರ್ಸ್ ಪ್ರಕರಣದಲ್ಲಿ ಮತ್ತೆ ಎತ್ತಿ ಹಿಡಿಯಿತು. ಅಧಿಕಾರಿಯ ನಿರ್ಣಯ ಅಂತಿಮ ಎಂದು ಕರಾರಿನಲ್ಲಿ ಬರೆದಿದ್ದರೂ ಅದು ದಂಡದ ಮೊತ್ತ ಎಷ್ಟು ಎನ್ನುವುದಕ್ಕೆ. ತಡಕ್ಕೆ ಹೊಣೆ ಯಾರು ಎನ್ನುವುದು ತಕರಾರಿನಲ್ಲಿದ್ದರೆ ಅದನ್ನು ಮೂರನೆಯವರು, ಅಂದರೆ ಕೋರ್ಟು ಇಲ್ಲವೆ ಪಂಚರು, ನೋಡಬೇಕು. ‘ಸಾಹೇಬರು ಬರೆದರು, ಮುಗೀತು’ ಎಂದು ತಲೆಬಾಗುವವರಿಗೆ ಈ ಎರಡು ತೀರ್ಪು ತಿಳಿದಿರಬೇಕು.

ಹಾಗೆಂದು ಇಲಾಖೆಯ ಪಕ್ಷವೂ ಕಡೆಗಣಿಸುವಂಥದ್ದಲ್ಲ. ದೆಹಲಿಯ ಒಳಚರಂಡಿ ಪಂಪಿಂಗ್ ಸ್ಟೇಶನ್ ತಡವಾದ ಪ್ರಕರಣದಲ್ಲಿ 2015ರಲ್ಲಿ ಸುಪ್ರೀಂ ಕೋರ್ಟು, ಜನೋಪಯೋಗಿ ಕೆಲಸ ತಡವಾದರೆ ನಷ್ಟವನ್ನು ರೂಪಾಯಿಯಲ್ಲಿ ತೋರಿಸುವುದು ಕಠಿಣ, ಆದರೆ ನಷ್ಟ ಆಗಿಯೇ ಇರುತ್ತದೆ ಎಂದು ಒಪ್ಪಿತು. ಒಪ್ಪಿದರೂ ಕೇಳಿದ ಮೊತ್ತದ ಅರ್ಧವನ್ನು ಮಾತ್ರ ಮಾನ್ಯ ಮಾಡಿತು. ಹಳ್ಳಿಯ ನೀರಿನ ಟಾಕಿಗೂ ಈ ಮಾತು ಅನ್ವಯಿಸುತ್ತದೆ. ಬೇಸಿಗೆಯಲ್ಲಿ ಟ್ಯಾಂಕರಿನ ದಾರಿ ಕಾಯುವ ಹೆಣ್ಣುಮಕ್ಕಳ ದಿನಗಳೂ ನಷ್ಟವೇ. ಗುತ್ತಿಗೆದಾರ ಖರೇನೇ ಮೈಗಳ್ಳನಾಗಿದ್ದರೆ ಅವನನ್ನು ಬಿಡಬೇಕು ಎಂದು ಯಾರೂ ಹೇಳುವುದಿಲ್ಲ.

ಹೊರದೇಶದಲ್ಲಿ ಹೇಗೆ?

ಈ ಜಗಳ ಎಲ್ಲ ಕಡೆ ಇದೆ. ಇಂಗ್ಲೆಂಡಿನಲ್ಲಿ 1999ರ ಮಾಲ್‌ಮೇಸನ್ ಹೋಟೆಲ್ ಪ್ರಕರಣದಿಂದ ‘ಮುದ್ದತು ಕೊಡು, ಹಣ ಬೇಡ’ ಎಂಬ ರೀತಿ ಗಟ್ಟಿಯಾಯಿತು. ಅಲ್ಲಿಯ ಕಟ್ಟಡ ಕಾನೂನು ತಜ್ಞರ ಸಂಘ 2002ರಲ್ಲಿ ಹೊರತಂದು 2017ರಲ್ಲಿ ತಿದ್ದಿದ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಸ್ಕಾಟ್ಲೆಂಡಿನ ಕೋರ್ಟು 2010ರ ಸಿಟಿ ಇನ್ ಪ್ರಕರಣದಲ್ಲಿ ಬೇರೆ ದಾರಿ ಹಿಡಿಯಿತು: ಯಾವುದೂ ಒಂದೇ ಮುಖ್ಯ ಕಾರಣವಲ್ಲದಿದ್ದರೆ ತಡದ ದಿನಗಳನ್ನು ನ್ಯಾಯವಾಗಿ ಇಬ್ಬರಿಗೂ ಹಂಚಬೇಕು. ಮೂರನೆಯದು ಎಚ್ಚರಿಕೆಯ ಮಾತು. 2018ರ ನಾರ್ತ್ ಮಿಡ್‌ಲ್ಯಾಂಡ್ ಪ್ರಕರಣದಲ್ಲಿ, ಇಬ್ಬರದೂ ತಡವಿದ್ದ ದಿನಗಳಿಗೆ ಮುದ್ದತು ಇಲ್ಲ ಎಂದು ಕರಾರಿನಲ್ಲೇ ಸ್ಪಷ್ಟ ಬರೆದಿದ್ದರೆ ಆ ಬರಹವೇ ನಡೆಯುತ್ತದೆ ಎಂದು ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ ಹೇಳಿತು.

ಈ ತೀರ್ಪುಗಳು ಇಲ್ಲಿಯ ಕೋರ್ಟಿಗೆ ಕಟ್ಟುಪಾಡಲ್ಲ. ಆದರೆ ಮೂರರಿಂದಲೂ ಹೊರಡುವ ಪಾಠ ಒಂದೇ: ಮೊದಲು ಕರಾರು ಓದು, ಆಮೇಲೆ ದಿನ ಎಣಿಸು.

ಭಾರತದಲ್ಲೇ ಒಂದು ಹತ್ತಿರದ ಉದಾಹರಣೆ ಕೊರೊನಾ ಕಾಲದ್ದು. 2020ರ ಮೇ 13ರಂದು ಕೇಂದ್ರ ಹಣಕಾಸು ಖಾತೆ ಸರಕಾರಿ ಕರಾರುಗಳಿಗೆ 3ರಿಂದ 6 ತಿಂಗಳವರೆಗೆ ದಂಡವಿಲ್ಲದೆ ಮುದ್ದತು ಕೊಡಬಹುದು ಎಂದಿತು. ಜೊತೆಗೊಂದು ಷರತ್ತು ಇತ್ತು: 2020ರ ಫೆಬ್ರವರಿ 19ಕ್ಕೆ ಮೊದಲೇ ತಪ್ಪು ಮಾಡಿದವರಿಗೆ ಇದು ಇಲ್ಲ. ಮಹಾಮಾರಿಯ ನೆರಳಿನಲ್ಲಿ ಹಳೆಯ ಮೈಗಳ್ಳತನ ಮುಚ್ಚಿಕೊಳ್ಳಬಾರದು ಎಂಬ ಉದ್ದೇಶ ಸರಿಯೇ. ಒಂದು ತಾರೀಖು ಹಾಕಿ ಗೆರೆ ಎಳೆದದ್ದರಿಂದ ಲೆಕ್ಕವೂ ಸರಳವಾಯಿತು. ತಾರೀಖು ಇದ್ದರೆ ಅರ್ಧ ಜಗಳ ಮುಗಿದಂತೆ.

‘ನೋ ಕ್ಲೇಮ್’ ಚೀಟಿಯ ಅಪಾಯ

ಮುದ್ದತು ವಾಢಿ ಕೊಡುವಾಗ ಗುತ್ತಿಗೆದಾರನಿಂದ ‘ನನ್ನದೇನೂ ಕ್ಲೇಮ್ ಇಲ್ಲ’ ಎಂದು ಬರೆಸಿಕೊಳ್ಳುವ ರೂಢಿ ಇದೆ. ಬಿಲ್ಲಿನ ಗರಜಿಗೆ ಕಣ್ಣುಮುಚ್ಚಿ ಸಹಿ ಬೀಳುತ್ತದೆ. ತಡಕ್ಕೆ ಮುದ್ದತು ಮಾತ್ರ, ಪರಿಹಾರವಿಲ್ಲ ಎಂಬ ಕಲಂ ಕರಾರಿನಲ್ಲಿದ್ದು ಮುದ್ದತು ಪಡೆದುಕೊಂಡ ಮೇಲೆ ಪರಿಹಾರ ಕೇಳಲಾಗದು ಎಂದು ಸುಪ್ರೀಂ ಕೋರ್ಟು 2007ರ ರಾಮನಾಥ ಇಂಟರ್‌ನ್ಯಾಶನಲ್ ಪ್ರಕರಣದಲ್ಲಿ ಹೇಳಿದೆ. ಇಂಥ ಕಲಮು ಪರಿಹಾರದ ಹಕ್ಕನ್ನೇ ಕಿತ್ತುಕೊಳ್ಳುವಂತಿಲ್ಲ ಎಂದು ದೆಹಲಿ ಹೈಕೋರ್ಟು 2010ರ ಸಿಂಪ್ಲೆಕ್ಸ್ ಪ್ರಕರಣದಲ್ಲಿ ಹೇಳಿದ್ದೂ ಉಂಟು. ಎರಡು ಅಭಿಪ್ರಾಯಗಳ ನಡುವೆ ಸಣ್ಣ ಗುತ್ತಿಗೆದಾರ ವರ್ಷಗಟ್ಟಲೆ ಅಲೆಯುವುದಕ್ಕಿಂತ, ಸಹಿ ಮಾಡುವಾಗಲೇ ‘ನಷ್ಟದ ಹಕ್ಕು ಕಾಯ್ದಿರಿಸಿ’ ಎಂದು ಬರೆಯುವುದು ಶಾಣ್ಯಾತನ.

ಇದೇ ನಿಯಮ ಇಲಾಖೆಗೂ ಉಂಟು. ಕಲಂ 55ರ ಪ್ರಕಾರ ಕಾಲವೇ ಜೀವಾಳವಾದ ಕರಾರಿನಲ್ಲಿ ತಡವಾದ ಕೆಲಸವನ್ನು ಒಪ್ಪಿಕೊಳ್ಳುವಾಗಲೇ ‘ತಡದ ಪರಿಹಾರ ಕೇಳುತ್ತೇವೆ’ ಎಂದು ನೋಟೀಸು ಕೊಡದಿದ್ದರೆ ಆಮೇಲೆ ಕೇಳಲಾಗದು. ಸುಮ್ಮನೆ ಮುದ್ದತು ವಾಢಿ ಕೊಡುತ್ತ ಹೋಗಿ ಕೊನೆಯ ಬಿಲ್ಲಿನಲ್ಲಿ ಒಮ್ಮೆಲೇ ದಂಡ ಕತ್ತರಿಸುವುದು ಹೀಗಾಗಿ ಗಟ್ಟಿ ನಿಲ್ಲುವುದಿಲ್ಲ.

ಕೆಳಗಿನವರ ಗತಿ

ದಂಡದ ಕೊನೆಯ ಪೆಟ್ಟು ಬೀಳುವುದು ಉಪಗುತ್ತಿಗೆದಾರನಿಗೆ. ಪುಣೆ, ಮುಂಬಯಿಯ ದೊಡ್ಡ ಠೇಕೇದಾರ ಟೆಂಡರ್ ಹಿಡಿಯುತ್ತಾನೆ. ಇಂಡಿ, ಚಡಚಣ, ಜತ್ತ ಕಡೆಯ ಗೌಂಡಿ ಮೇಸ್ತ್ರಿ ಬಾಯಿಮಾತಿನ ಮೇಲೆ ಕೆಲಸ ಮಾಡುತ್ತಾನೆ. ಸರಕಾರದ ಕಾಗದ ಮರಾಠಿಯಲ್ಲಿ, ಕರಾರು ಇಂಗ್ಲಿಷಿನಲ್ಲಿ, ಮಾತುಕತೆ ಕನ್ನಡದಲ್ಲಿ. ಮೇಲೆ ದಂಡ ಕತ್ತರಿಸಿದರೆ ಅದೇ ಮೊತ್ತ ಕೆಳಗಿನವನ ಬಾಕಿಯಿಂದ ಹೋಗುತ್ತದೆ. ಅವನ ಹತ್ತಿರ ಜಾಗಾ ಯಾವಾಗ ಸಿಕ್ಕಿತು, ಸಿಮೆಂಟು ಯಾವಾಗ ಬಂತು ಎಂಬ ಒಂದು ಚೀಟಿಯೂ ಇರುವುದಿಲ್ಲ. ಇಲಾಖೆಯ ಎದುರು ದೊಡ್ಡ ಗುತ್ತಿಗೆದಾರ ಆಡುವ ಮಾತನ್ನೇ ಅವನು ದೊಡ್ಡ ಗುತ್ತಿಗೆದಾರನ ಎದುರು ಆಡಬೇಕಾಗುತ್ತದೆ, ಆದರೆ ಬರಿಗೈಯಿಂದ.

ಕೋರ್ಟಿನ ದಾರಿಯೂ ಸಪಾಟಲ್ಲ. 2018ರ ತಿದ್ದುಪಡಿಯ ನಂತರ 3 ಲಕ್ಷ ರೂ.ಗಿಂತ ಕಡಿಮೆಯಲ್ಲದ ಕಟ್ಟಡ ಕರಾರಿನ ತಕರಾರುಗಳು ವಾಣಿಜ್ಯ ನ್ಯಾಯಾಲಯಕ್ಕೆ ಹೋಗುತ್ತವೆ. ತುರ್ತು ತಡೆಯಾಜ್ಞೆ ಬೇಕಿಲ್ಲದಿದ್ದರೆ ಮೊದಲು ಮಧ್ಯಸ್ಥಿಕೆಗೆ ಹೋಗುವುದು ಕಡ್ಡಾಯ. ಹಣ ಕೇಳುವ ದಾವೆಗೆ ಸಾಮಾನ್ಯವಾಗಿ ಮೂರು ವರ್ಷದ ಅವಧಿ. ‘ಬಿಲ್ಲು ಬರ್ತದ, ನೋಡೋಣ’ ಎಂದು ಕೂತರೆ ಮೂರು ವರ್ಷ ಹೋದದ್ದೇ ಗೊತ್ತಾಗುವುದಿಲ್ಲ. ಪಂಚಾಯಿತಿಯ ದಾರಿಯೂ ಕಿರಿದಾಗುತ್ತಿದೆ. 2024ರ ಜೂನ್ 3ರಂದು ಕೇಂದ್ರ ಹಣಕಾಸು ಖಾತೆ ಹೊರಡಿಸಿದ ಮಾರ್ಗಸೂಚಿಯಂತೆ ಸರಕಾರಿ ಖರೀದಿ ಕರಾರುಗಳಲ್ಲಿ ಆರ್ಬಿಟ್ರೇಶನ್ ಕಲಮನ್ನು ರೂಢಿಯಂತೆ ಹಾಕಬಾರದು, ಹಾಕಿದರೂ 10 ಕೋಟಿಗಿಂತ ಕಡಿಮೆ ತಕರಾರಿಗೆ ಸೀಮಿತವಿರಬೇಕು.

ಮಾಡಬೇಕಾದದ್ದು ಏನು?

ಮದ್ದು ಕಠಿಣವಿಲ್ಲ. ಸಿ.ಪಿ.ಡಬ್ಲ್ಯು.ಡಿ. ಕೆಲಸಗಳಲ್ಲಿ ಅಡಚಣೆ ನೋಂದಣಿ ಪುಸ್ತಕ ಇಡುತ್ತಾರೆ. ಯಾವ ಅಡಚಣೆ, ಯಾವ ತಾರೀಖಿಗೆ ಶುರು, ಯಾವ ತಾರೀಖಿಗೆ ತೀರಿತು, ಒಂದರ ಮೇಲೊಂದು ಬಿದ್ದ ದಿನ ಎಷ್ಟು, ನಿವ್ವಳ ದಿನ ಎಷ್ಟು ಎಂದು ಅದರಲ್ಲಿ ಬರೆದು ಎರಡೂ ಕಡೆಯವರು ಸಹಿ ಹಾಕುವುದು ಪದ್ಧತಿ. ಮೇಲಿನ ಉದಾಹರಣೆಯ 122 ದಿನ 92 ಆದದ್ದು ಈ ಕಾಲಮುಗಳಿಂದಲೇ. ಜಿಲ್ಲಾ ಪರಿಷತ್ತಿನ ನೀರು ಪೂರೈಕೆ ಕಾಮಗಾರಿಗಳಿಗೂ ಇಂಥ ಪುಸ್ತಕ ಕಡ್ಡಾಯ ಮಾಡಿ, ಪ್ರತಿ ತಿಂಗಳು ಗ್ರಾಮಸಭೆಯ ಮುಂದೆ ಇಟ್ಟರೆ ಟಾಕಿ ಯಾಕೆ ನಿಂತಿದೆ ಎಂಬುದು ಊರಿಗೂ ಗೊತ್ತಾಗುತ್ತದೆ. ಸಣ್ಣ ಅಂಗಡಿಯವನೂ ಜಮಾ ಮತ್ತು ಖರ್ಚು ಎರಡೂ ಬದಿ ಬರೆಯುತ್ತಾನೆ. ಕೋಟಿಗಟ್ಟಲೆ ಕಾಮಗಾರಿಯಲ್ಲಿ ಒಂದೇ ಬದಿ ಬರೆದರೆ ಅದು ಲೆಕ್ಕವಲ್ಲ.

ಗುತ್ತಿಗೆದಾರರು ಅಡಚಣೆ ಬಂದ ವಾರದಲ್ಲೇ ಪತ್ರ ಕೊಟ್ಟು ಶಿಕ್ಕಾ ಹಾಕಿಸಿಕೊಳ್ಳಬೇಕು. ಸಿಟ್ಟಿನ ಭಾಷೆ ಬೇಡ, ತಾರೀಖು ಸಾಕು. ತಮ್ಮ ತಪ್ಪಿನ ದಿನಗಳನ್ನು ತಾವೇ ಒಪ್ಪಿಕೊಂಡರೆ ಉಳಿದ ದಿನಗಳ ಮಾತಿಗೆ ತೂಕ ಬರುತ್ತದೆ; 92 ದಿನವೂ ಇಲಾಖೆಯದೇ ಎಂದು ಕುಣಿದವನ 30 ದಿನದ ಖರೇ ಹಕ್ಕೂ ಸಂಶಯಕ್ಕೆ ಬೀಳುತ್ತದೆ. ಅಧಿಕಾರಿಗಳು ದಂಡದ ಟಿಪ್ಪಣಿ ಬರೆಯುವ ಮೊದಲು ತಮ್ಮ ಕಡೆಯ ತಡದ ಪಟ್ಟಿಯನ್ನು ಅದೇ ಹಾಳೆಯಲ್ಲಿ ಬರೆಯಬೇಕು. ಜಾಗಾ ಕೈಯಲ್ಲಿ ಇಲ್ಲದೆ ವರ್ಕ್ ಆರ್ಡರ್ ಕೊಡುವುದನ್ನು ನಿಲ್ಲಿಸಬೇಕು. ಅಕ್ಕಲಕೋಟ ಭಾಗದಲ್ಲಿ ಸೂರತ್-ಚೆನ್ನೈ ಹೆದ್ದಾರಿಯ ಜಮೀನು ಪರಿಹಾರಕ್ಕೆ ರೈತರು ಎತ್ತಿದ ತಕರಾರು ಇದೇ ಪಾಠ ಹೇಳುತ್ತದೆ: ಜಮೀನಿನ ಮಾತು ಮುಗಿಯದೆ ಯಂತ್ರ ಇಳಿಸಿದರೆ ತಡ ಮೊದಲ ದಿನವೇ ಶುರು.

ಸಮಕಾಲಿಕ ವಿಳಂಬ ತಪ್ಪಿಸಲಾಗದ್ದಿರಬಹುದು. ಮಳೆ, ಕಬ್ಬು, ಅನುದಾನ ಇವು ಯಾರ ಮಾತೂ ಕೇಳುವುದಿಲ್ಲ. ಆದರೆ ತಡದ ದಿನಗಳನ್ನು ಬರೆದಿಡುವುದು ಮನುಷ್ಯರ ಕೈಯಲ್ಲಿ ಇರುವ ಕೆಲಸ. 2028ರ ಹೊಸ ಮುದ್ದತಿನ ದಿನಗಳು ಓಡುತ್ತಿವೆ. ಸೋಲಾಪುರ, ಸಾಂಗಲಿ ಜಿಲ್ಲಾ ಪರಿಷತ್ತುಗಳು ಬಾಕಿ ಉಳಿದ ಪ್ರತಿ ಟಾಕಿಯ ಕೆಲಸಕ್ಕೆ ಇಂದೇ ಒಂದು ಪುಸ್ತಕ ತೆರೆದು, ಎರಡೂ ಕಡೆಯ ಸಹಿ ಹಾಕಿಸಲು ಶುರುಮಾಡಬೇಕು.